ಗೋಡೆಗೆ ಮುಖ ಮಾಡಿ ನಿಂತ ಅಂತೋನಿ

ಇವತ್ತು ಬೆಳಿಗ್ಗೆ ಚಹಾಕ್ಕಿಟ್ಟು ತಿರುಗಿದರೆ, ಹಲಗೆಯ ಮೇಲಿನ ನಮ್ಮ ಸಂತ ಅಂತೋನಿ ಗೋಡೆಗೆ ಮುಖ ಮಾಡಿ ನಿಂತಿದ್ದಾನೆ. ಮಗಳ ಇಯರ್‌ಬಡ್ಡು ಮತ್ತೆ ಕಳೆದಿದೆ ಎಂದರ್ಥ. "ಡೋಂಟ್ ಟಚ್, ಮಮ್ಮೀ! ಹೀ ಈಸ್ ಇನ್ ಟೈಮ್‌ಔಟ್!" ಎಂದು ಮಹಡಿಯಿಂದಲೇ ಕೂಗಿದಳು. ತುಂಟ ಮಕ್ಕಳನ್ನು ಮೂಲೆಗೆ ನಿಲ್ಲಿಸುತ್ತಾರಲ್ಲ, ಆ ಶಿಕ್ಷೆ. ಗೇಣುದ್ದದ ಗೊಂಬೆ, ಕಂದು ನಿಲುವಂಗಿ, ಸೊಂಟಕ್ಕೆ ಮೂರು ಗಂಟಿನ ಹಗ್ಗ. ಆ ಬೆನ್ನು ನೋಡುತ್ತ ನಿಂತೆ ನೋಡಿ, ಥಾರ್ನ್‌ಹಿಲ್ಲಿನ ಈ ಮನೆಯೇ ಕರಗಿ ವುಡ್‌ಬ್ರಿಡ್ಜಿನ ಆ ಬೇಸ್‌ಮೆಂಟಿನಲ್ಲಿದ್ದೆ. ಇತ್ತ ಚಹಾ ಉಕ್ಕಿತು.

ಆಗ ಮದುವೆಯಾಗಿ ಧಾರವಾಡದಿಂದ ಈ ಪರದೇಶಕ್ಕೆ ಬಂದ ಹೊಸತು. ಮೇಲೆ ಮನೆಯೊಡತಿ, ಇಟಲಿಯ ಮುದುಕಿ. ನೋನ್ನಾ ಎನ್ನುತ್ತಿದ್ದೆವು, ಅವರ ಭಾಷೆಯಲ್ಲಿ ಅಜ್ಜಿ. ಆಕೆಯದೂ ಮುರುಕು ಇಂಗ್ಲಿಷು, ನನ್ನದೂ ಮುರುಕು ಇಂಗ್ಲಿಷು. ನೆನಪಿನಲ್ಲಿ ಮಾತ್ರ ಆಕೆ ಅಪ್ಪಟ ಧಾರವಾಡದ ಕನ್ನಡ ಆಡುತ್ತಾಳೆ, ಏನು ಮಾಡಲಿ! ಆಕೆಯ ಅಡುಗೆಮನೆಯ ಗೂಡಿನಲ್ಲಿ ಮೂವರು ಸಂತರಿದ್ದರು. ಬಟ್ಟೆ ವ್ಯಾಪಾರಿಯ ಮಗನಾಗಿದ್ದೂ ಮೈಮೇಲಿನ ಬಟ್ಟೆಯನ್ನೇ ಅಪ್ಪನಿಗೆ ಬಿಚ್ಚಿಕೊಟ್ಟು ಹೊರಟ ಫ್ರಾನ್ಸಿಸ್, ಅವನ ಮಾತು ಕೇಳಿ ಸಿರಿವಂತರ ಮನೆ ಬಿಟ್ಟುಬಂದ ಕ್ಲಾರಾ, ಕಳೆದದ್ದನ್ನು ಹುಡುಕಿಕೊಡುವ ಅಂತೋನಿ. ಎಂಟುನೂರು ವರ್ಷದ ಹಿಂದೆ ಒಂದೇ ಮಠದವರು ಎಂದು ನಾನು ತಿಳಿದುಕೊಂಡೆ. ಪೂರಾ ತಪ್ಪೇನಲ್ಲ.

ಒಂದು ದಿನ ಆಕೆಯ ತೀರಿಹೋದ ಗಂಡನ ಉಂಗುರ ಕಳೆಯಿತು. ಟೊಮ್ಯಾಟೊ ಮಡಿ, ಸಿಂಕಿನ ಪೈಪು, ಎಲ್ಲ ಹುಡುಕಿ ಹುಡುಕಿ ಅತ್ತಳು. ಮರುದಿನ ಆಕೆ ಚರ್ಚಿಗೆ ಹೋದಾಗ, ಪಾಪ ಎಂದು ಆಕೆಯ ಅಡುಗೆಮನೆ ಒರೆಸಲು ಹೋದೆ. ಅಯ್ಯೋ, ಅಂತೋನಿ ಸ್ವಾಮಿಗಳು ಗೋಡೆ ಕಡೆ ತಿರುಗಿದ್ದಾರೆ, ಹಣೆಯೂ ಬರಿದು! ಮೆತ್ತಗೆ ತಿರುಗಿಸಿ, ಮೂರು ಬೆರಳಿನಿಂದ ವಿಭೂತಿ ಎಳೆದು ಕೈಮುಗಿದೆ.

ನೋನ್ನಾ ಬಂದವಳೇ ಗೂಡಿನ ಮುಂದೆ ನಿಂತುಬಿಟ್ಟಳು. "ಉಂಗರ ಕೊಡೂತನಕಾ ಗ್ವಾಡಿ ನೋಡಕೋತ ನಿಂದ್ರು ಅಂದಿದ್ದೆ. ತಿರಗ್ಯಾನ! ಅಂದರ ಸಿಕ್ಕಂಗ," ಎಂದಳು. ನಾನೇ ತಿರುಗಿಸಿದ್ದು ಎನ್ನದೆ ಬೇಸ್‌ಮೆಂಟಿಗೆ ಇಳಿದುಬಿಟ್ಟೆ. ಆಕೆ ಅಳು ನಿಲ್ಲಿಸಿದಳು, ಹುಡುಕುವುದನ್ನೂ ಬಿಟ್ಟಳು. ಉಂಗುರ ಸಿಗಲೇ ಇಲ್ಲ. ಮುದುಕಿಗೆ ಮೋಸ ಮಾಡಿದೆನಲ್ಲ ಎಂದು ನನಗೆ ಅನ್ನ ರುಚಿಸುತ್ತಿರಲಿಲ್ಲ.

ಏಳು ವರ್ಷದ ಮೇಲೆ, ಆಕೆ ಜಾರ್ಜ್‌ಟೌನಿನ ಮಗಳ ಮನೆ ಸೇರಿದಾಗ, ರೈಲು ಹತ್ತಿ ಹೋಗಿ ಎಲ್ಲ ಹೇಳಿಬಿಟ್ಟೆ. ಕೆಮ್ಮು ಬರುವ ಹಾಗೆ ನಕ್ಕಳು.

"ನನಗ ಅವತ್ತ ಗೊತ್ತಾತವ್ವಾ! ಅವನ ಹಣಿಮ್ಯಾಲೆ ಬೂದಿ ಇತ್ತಲ್ಲ. ನಮ್ಮ ಚರ್ಚಿನ್ಯಾಗೂ ಹಚ್ಚತಾರ, ವರ್ಷಕ್ಕೊಮ್ಮೆ. ಆದ್ರ ಮೂರು ಗೆರಿ ಎಳಿಯೂದಿಲ್ಲ."

"ಮತ್ತ ಯಾಕ ಸುಮ್ಮನಿದ್ರಿ?"

"ಉಂಗರಾ ಕೇಳಿದ್ದೆ. ಮನ್ಯಾಗ ನನಗಂತ ಒಬ್ಬಾಕಿ ಅದಾಳ ಅಂತ ತೋರಿಸಿದಾ. ಸಾಕಾತು."

ಹೊರಡುವಾಗ ಅಂತೋನಿಯನ್ನು ನನ್ನ ಚೀಲಕ್ಕೆ ಹಾಕಿದಳು. ಅದೇ ಕೊನೆಯ ಭೇಟಿ.

ಉಕ್ಕಿದ ಚಹಾ ಒರೆಸಿ, ವಿಭೂತಿಯ ಕರಡಿಗೆ ತೆಗೆದೆ. ಅಂತೋನಿಯನ್ನು ಈ ಕಡೆ ತಿರುಗಿಸಿ ಹಣೆಗೆ ಹಚ್ಚಿದೆ. ಮಗಳು ಧಡಧಡ ಇಳಿದು ಬಂದಳು. "ಹೂ ಟರ್ನ್ಡ್ ಹಿಮ್?"

"ನಾನ," ಎಂದೆ.