ಗಾರ್ಡ್ ಮಾಮನ ಒಂದೇ ಪದದ ವಾಕ್ಯಗಳು

ಬಸಲಿಂಗಪ್ಪ ಮಾಮ ಬಲಗೈ ತೋರುಬೆರಳನ್ನು ಮೇಲೆತ್ತಿದರೆಂದರೆ ಎದುರಿಗಿದ್ದವರು ಯಾರೇ ಆಗಲಿ ಬಾಯಿ ಮುಚ್ಚಬೇಕು. ಬೆರಳು ಮೇಲಿದ್ದಂತೆಯೇ ಎಡಗೈ ಅಂಗಿಯ ಜೇಬಿಗೆ ಹೋಗಿ ಒಂದು ಸಣ್ಣ ನೋಟ್‌ಬುಕ್ಕನ್ನು ಎಳೆದು ತರುತ್ತಿತ್ತು. ಒಮ್ಮೆ ಚೆನ್ನೈಯ ಅಂಬತ್ತೂರಿನ ನಮ್ಮ ಬೀದಿಯಲ್ಲಿ ತರಕಾರಿ ಗಾಡಿಯವಳ ಪಕ್ಕ ನಿಂತು ಹೀಗೆ ಬರೆಯತೊಡಗಿದ್ದೇ ತಡ, ಅವಳು "ಎನ್ನ ಸಾರ್ ಎಳುದುರೀಂಗ? ಕಾರ್ಪೊರೇಷನ್ನಾ?" ಏನು ಬರೀತಿದ್ದೀರಿ, ಕಾರ್ಪೊರೇಷನ್ನವರಾ ಎಂದು ತಮಿಳಿನಲ್ಲಿ ಕೇಳುತ್ತ ಗಾಡಿ ತಳ್ಳಿಕೊಂಡು ಓಟ ಕಿತ್ತಳು. ಪಾಪ, ಅವಳು ಅಂದದ್ದಾದರೂ ಏನು? "ಪೋದುಂ ಪೋದುಂ ಪೋದುಂ." ಮೊಮ್ಮಗಳು ಗಿರಾಕಿಯ ಚೀಲಕ್ಕೆ ಟೊಮೆಟೊ ತುಂಬುತ್ತಲೇ ಇದ್ದಳು, ಅಜ್ಜಿ ಸಾಕು ಅಂದಿದ್ದಳು.

ಮಾಮ ಸಂಗ್ರಹಿಸುತ್ತಿದ್ದದ್ದು ಅದನ್ನೇ: ಒಂದೇ ಪದವನ್ನು ಮತ್ತೆ ಮತ್ತೆ ಹೇಳಿ ಕಟ್ಟಿದ ಪೂರ್ತಿ ವಾಕ್ಯಗಳನ್ನು. ಕನ್ನಡದವು ನೋಟ್‌ಬುಕ್ಕಿನ ಮುಂದಿನಿಂದ, ತಮಿಳಿನವು ಹಿಂದಿನಿಂದ. "ನಡುವ ಎಲ್ಲಿ ಕೂಡತಾವೋ ನೋಡೂಣು" ಎನ್ನುತ್ತಿದ್ದರು. ನಿಯಮಗಳು ಎರಡೇ. ಪದ ಕನಿಷ್ಠ ಎರಡು ಸಲ ಬರಬೇಕು. "ಒಮ್ಮೆ ಅಂದ್ರ ಅದು ಬರೇ ಪದ ಯವ್ವಾ. ಎರಡನೇ ಸಲಕ್ಕ ವಾಕ್ಯ ಆಗತೈತಿ." ಇನ್ನೊಂದು, ಯಾರೋ ಯಾರಿಗೋ ಅದನ್ನು ನಿಜವಾಗಿ ಹೇಳಿರಬೇಕು, ಬರೆಸುವವರು ಅದನ್ನು ತಮ್ಮ ಕಿವಿಯಾರೆ ಕೇಳಿರಬೇಕು.

ಅವರು ರೈಲ್ವೆಯಲ್ಲಿ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದವರು. ಹುಬ್ಬಳ್ಳಿ ಕಡೆಯ ಮಾತನ್ನು ಚೆನ್ನೈಯ ನಲವತ್ತು ಬೇಸಿಗೆಗಳೂ ಕರಗಿಸಿರಲಿಲ್ಲ. ನಾನು ಮೈಸೂರು ಕಡೆಯ ಮನೆಯವಳು, ಅದೂ ಇಲ್ಲೇ ಹುಟ್ಟಿ ತಮಿಳು ಶಾಲೆಯಲ್ಲಿ ಓದಿದವಳು. ಅವರ ಕನ್ನಡ ಅರ್ಥವಾಗಲು ನನಗೆ ಒಂದು ವರ್ಷವೇ ಹಿಡಿಯಿತು. ಅವರ ಮನೆ ಕೆಳಗೆ, ನಮ್ಮದು ಮಹಡಿಯ ಮೇಲೆ. ಸಂಜೆ ಫ್ಯಾಕ್ಟರಿಯಿಂದ ಬಂದು ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಅವರ ತೆರೆದ ಬಾಗಿಲಿಂದ "ಬಾ ಬಾ ಬಾ" ಎಂಬ ಕೂಗು ಬರುತ್ತಿತ್ತು. ಹೋಗಿ ಕುಳಿತರೆ ಅವರ ಹೆಂಡತಿ ನೀಲಮ್ಮತ್ತೆ ಕಾಫಿ ಕೊಡುತ್ತಿದ್ದರು, ಮಾಮ ಆ ದಿನದ ಬೇಟೆಯನ್ನು ಓದುತ್ತಿದ್ದರು.

"ರಾಯಪುರಂದಾಗ ನಮ್ಮ ಕಡೀ ಲಾರಿ. ಕ್ಲೀನರ್ ಹಿಂದ ನಿಂತು ಡ್ರೈವರಗ ಹೇಳ್ಯಾನ, ಬರ್ಲಿ ಬರ್ಲಿ ಬರ್ಲಿ ಬರ್ಲಿ. ನಾಕು ಸಲ."

"ಐದನೇದು ಯಾಕಿಲ್ಲ ಮಾಮಾ?"

"ಗ್ವಾಡಿ ಬಂತು."

ಮದುವೆಯೂಟದಲ್ಲಿ ಪಾಯಸದವನಿಗೆ ಮುದುಕರೊಬ್ಬರು ಹೇಳಿದ "ಸಾಕು ಸಾಕು ಸಾಕು" ಎಂಬುದರ ಪಕ್ಕ, "ಮೊದಲ ಎರಡು ಮರ್ಯಾದೆಗೆ, ಮೂರನೆಯದು ನಿಜ" ಎಂದು ಷರಾ ಇತ್ತು. ಮಾಮನ ಕಣ್ಮಣಿ ಮಾತ್ರ ನವರಾತ್ರಿಯಲ್ಲಿ ಗೊಂಬೆ ಕೂರಿಸಿದ್ದ ಮನೆಯೊಂದರಲ್ಲಿ ತಾಯಿ ನಾಚಿಕೆಯ ಮಗಳಿಗೆ ಹೇಳಿದ "ಹಾಡು ಹಾಡು." ಒಂದು ನಾಮಪದ, ಒಂದು ಕ್ರಿಯಾಪದ, ವ್ಯಾಕರಣದ ಮೇಷ್ಟರೂ ತಲೆಬಾಗಬೇಕು. ಕರ್ತೃ ಎಲ್ಲಿ ಮಾಮಾ ಎಂದು ನಾನು ಕೆಣಕಿದರೆ, "ಕನ್ನಡದಾಗ ಕರ್ತೃ ಮನಿಯೊಳಗ ಕುಂತಿರ್ತಾನ. ಕ್ರಿಯಾಪದ ಅಷ್ಟ ಬಾಗಲಾ ತಗದು ಹೊರಗ ಬರತೈತಿ" ಎನ್ನುತ್ತಿದ್ದರು.

ನೀಲಮ್ಮತ್ತೆಗೆ ಇದೆಲ್ಲ ಹುಚ್ಚು. "ಮಂದಿ ನಿವೃತ್ತಿ ಆದಮ್ಯಾಲೆ ತೀರ್ಥಯಾತ್ರಾ ಮಾಡ್ತಾರ. ಇವರು ಮಂದಿ ಬಾಯಿ ನೋಡ್ಕೋತ ಅಡ್ಡಾಡ್ತಾರ" ಎಂದು ಅಡುಗೆಮನೆಯಿಂದಲೇ ಗೊಣಗುತ್ತಿದ್ದರು. ಆ ನೋಟ್‌ಬುಕ್ಕನ್ನು ಅವರು ಕೈಯಲ್ಲಿ ಮುಟ್ಟಿದ್ದನ್ನು ನಾನು ನೋಡಿರಲಿಲ್ಲ. ಮಾಮ ಒಮ್ಮೆ ಮಾತ್ರ ಉತ್ತರ ಕೊಟ್ಟರು. "ಮೂವತ್ತು ವರ್ಸ ಗೂಡ್ಸ್ ಗಾಡಿ ಬಾಲದಾಗ ಒಬ್ಬನ ಕುಂತೀನಿ. ಚಕ್ರದ ಸಪ್ಪಳ ಬಿಟ್ರ ಏನೂ ಕೇಳಿಲ್ಲ. ಈಗರೆ ಮಂದಿ ಮಾತು ಕೇಳ್ತೀನಿ, ಬಿಡು."

ಪ್ರತಿ ವಾಕ್ಯದ ಕೆಳಗೆ ಅಂದವರು ಯಾರು, ಯಾರಿಗೆ, ಎಲ್ಲಿ ಎಂದು ಬರೆದು, ಕೊನೆಗೆ "ಕೇಳಿದವರು" ಎಂದು ಸಹಿ ಇರುತ್ತಿತ್ತು. ಎಲ್ಲ ಕಡೆಯೂ ಅವರದೇ ಸಹಿ. ಅಲ್ಲಿ ನನ್ನ ಸಹಿ ಒಂದಾದರೂ ಬೀಳಬೇಕು ಎಂದು ನನಗೆ ಹಟ ಹುಟ್ಟಿತು. ತಿಂಗಳುಗಟ್ಟಲೆ ಕಿವಿ ಅಗಲಿಸಿಕೊಂಡು ಓಡಾಡಿದೆ. ಫ್ಯಾಕ್ಟರಿಯಲ್ಲಿ ಯಂತ್ರಗಳ ಗದ್ದಲ; ಮನೆಯಲ್ಲಿ ಮಗನ ಬಾಯಿಂದ ಬರುವುದೆಲ್ಲ ತಮಿಳು, ಅದೂ ಅರ್ಧರ್ಧ. ಒಂದೂ ಸಿಗಲಿಲ್ಲ. ಕೊನೆಗೆ ಲೋಕಲ್ ಟ್ರೈನಿನಲ್ಲಿ ಕುಳಿತು ಪೆನ್ನು ಹಿಡಿದು ನಾನೇ ಒಂದು ಹೊಸೆದೆ. ಸೌಕಾರ್‌ಪೇಟೆಯ ಬಟ್ಟೆ ಅಂಗಡಿಯಲ್ಲಿ ಕನ್ನಡದ ಯಜಮಾನರೊಬ್ಬರು ಆಳಿಗೆ ಹೇಳಿದರಂತೆ: "ಕಟ್ಟು ಕಟ್ಟು ಕಟ್ಟು." ಅಂದರೆ, ಒಂದೊಂದೇ ಕಟ್ಟಾಗಿ ಕಟ್ಟು ಅಂತ.

ಮಾಮ ಕುರ್ಚಿಯಿಂದ ಎದ್ದೇ ಬಿಟ್ಟರು. "ಏ ನೀಲಾ, ಕೇಳಿದ್ಯೇನ! ನಮ್ಮ ವನಜಾ ಏನ್ ತಂದಾಳ ನೋಡು!" ಯಾವ ಅಂಗಡಿ ಎಂದು ಕೇಳಿದರು. ಬಳೆ ಅಂಗಡಿಯ ಮೇಲೆ, ಕಿರಿದಾದ ಮೆಟ್ಟಿಲು, ಎಂದೆ. ಸೌಕಾರ್‌ಪೇಟೆಯಲ್ಲಿ ಅಂಥ ಮೆಟ್ಟಿಲು ನೂರಿರಬಹುದು, ಯಾರು ಹುಡುಕುತ್ತಾರೆ? ಜಂಬದಿಂದ ಸಹಿ ಹಾಕಿದೆ. ಫ್ಯಾಕ್ಟರಿಯಲ್ಲಿ ನನ್ನ ಕೆಲಸ ಏನು ಗೊತ್ತೇ? ತಯಾರಾದ ಬಿಡಿಭಾಗಗಳನ್ನು ಅಳೆದು, ಅಳೆದದ್ದನ್ನಷ್ಟೇ ಬರೆದು, ಕೆಳಗೆ ಸಹಿ ಹಾಕುವುದು.

ಒಂದು ವಾರ ಕಳೆದಿತ್ತು. ಇಲ್ಲಿಯವರು ಕತ್ತರಿ ಬಿಸಿಲು ಎನ್ನುವ ಮೇ ತಿಂಗಳ ಬೆಂಕಿ. ಸಂಜೆ ಬಂದರೆ ಕೆಳಗಿನ ಬಾಗಿಲಿಂದ ಕೂಗು ಇಲ್ಲ. ಇಣುಕಿದರೆ ಮಾಮ ಬಕೆಟ್ ನೀರಿನಲ್ಲಿ ಕಾಲಿಟ್ಟು ಕುಳಿತಿದ್ದಾರೆ, ಮುಖ ಕೆಂಪಗೆ ಬೆಂದಿದೆ. ಅತ್ತೆ ನನ್ನ ಮೇಲೆ ಸಿಡಿದರು. "ಬೆಳಿಗ್ಗೆ ಹೋದವರು ಈಗ ಬಂದಾರ. ಸೌಕಾರ್‌ಪೇಟಿ ಮೆಟ್ಟಲ ಎಲ್ಲಾ ಹತ್ತಿ ಇಳದಾರ, ನಿನ್ನ ಕಟ್ಟು ಕಟ್ಟು ಹುಡಿಕ್ಕೋತ!"

ಹೊಸಿಲಲ್ಲೇ ನಿಂತು ಕೇಳಿದೆ. "ನನ್ನ ಮೇಲೆ ಅನುಮಾನ ಬಂತಾ ಮಾಮಾ?"

"ಅನುಮಾನ ಯಾಕ? ಅಂವ ಹೆಂಗ ಅಂದಾ ಅಂತ ಅವನ ಬಾಯಿಂದ ಒಮ್ಮೆ ಕೇಳಬೇಕಾಗಿತ್ತು. ಸಿಗಲಿಲ್ಲ. ನಾಳಿಗೆ ಆಚೀ ಓಣಿ ನೋಡತೀನಿ."

ಅನುಮಾನಪಟ್ಟಿದ್ದರೆ ಜಗಳವಾಡಿಯಾದರೂ ಗೆಲ್ಲುತ್ತಿದ್ದೆ. ನಂಬಿ ಮೆಟ್ಟಿಲು ಹತ್ತಿದ ಮನುಷ್ಯನ ಊದಿದ ಪಾದ ನೋಡಿ ನನಗೆ ಅಳು ಬಂತು. ಹೇಳಿಬಿಟ್ಟೆ. "ಆ ಅಂಗಡೀನೇ ಇಲ್ಲ ಮಾಮಾ. ನಾನೇ ಕಟ್ಟಿದ್ದು."

ಅವರು ಬೈಯಲಿಲ್ಲ. ನೋಟ್‌ಬುಕ್ ತೆಗೆದು ಆ ಪುಟ ಬಿಡಿಸಿದರು. ಹರಿದು ಹಾಕುತ್ತಾರೆ ಅಂದುಕೊಂಡೆ. ಹರಿಯಲಿಲ್ಲ, ಗೀಚಿ ಅಳಿಸಲೂ ಇಲ್ಲ. ವಾಕ್ಯದ ಮೇಲೆ ಒಂದೇ ಒಂದು ನೇರ ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿ, ಪೆನ್ನನ್ನು ನನಗೆ ಕೊಟ್ಟರು. "ನೀನೂ ಹಾಕು. ಗಾರ್ಡನ ಜರ್ನಲ್‌ದಾಗ ತಪ್ಪು ಅಳಸಬಾರದು. ತಪ್ಪು ಕಾಣಬೇಕು." ಹಾಕಿದೆ. "ಇನ್ನ ಆರು ತಿಂಗಳು ನೀ ಸಸ್ಪೆಂಡ್. ಖರೇ ಕೇಳಿದ್ದು ತಂದ್ರೂ ಬರಿಯಂಗಿಲ್ಲ." ನಗುತ್ತಾರೇನೋ ಎಂದು ಮುಖ ನೋಡಿದೆ. ನಗಲಿಲ್ಲ.

ಮರುದಿನ ಆ ಬಾಗಿಲು ದಾಟುವುದು ಹೇಗೆಂದು ಫ್ಯಾಕ್ಟರಿಯಲ್ಲೇ ಒಂದು ಗಂಟೆ ತಡಮಾಡಿದೆ. ಚಪ್ಪಲಿ ಸದ್ದು ಮಾಡದೆ ಮೆಟ್ಟಿಲ ಬಳಿ ಬಂದೆ. ಒಳಗಿಂದ ಕೂಗು ಬಂತು: "ಬಾ ಬಾ ಬಾ. ಕಾಫಿ ಆರಾಕ ಹತ್ತೈತಿ."

ಆರು ತಿಂಗಳಿಗೆ ಇನ್ನು ಹದಿನೈದು ದಿನ ಇರುವಾಗ ಅವರಿಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದರು. ಒಳಗೆ ಒಬ್ಬೊಬ್ಬರನ್ನೇ ಬಿಡುತ್ತಿದ್ದರು. ನಾನು ವಾರ್ಡಿನ ಬಾಗಿಲಲ್ಲಿ ನಿಂತಾಗ ಮೂಗಿಗೆ ಮಾಸ್ಕ್ ಹಾಕಿಕೊಂಡು ಮಲಗಿದ್ದ ಮಾಮ ನನ್ನನ್ನು ಕಂಡು ತೋರುಬೆರಳನ್ನು ಎತ್ತಿದರು. ಮಾಸ್ಕಿನೊಳಗಿಂದ "ಬಾ" ಎಂದರು. ಒಂದೇ ಸಲ. ಅಷ್ಟಕ್ಕೇ ಏದುಸಿರು ಬಂತು. "ಇನ್ನು ಹದಿನೈದೇ ದಿನ ಮಾಮಾ, ನನ್ನ ಸಸ್ಪೆನ್ಷನ್ ಮುಗಿಯುತ್ತೆ. ಎದ್ದು ಬನ್ನಿ" ಎಂದೆ. ಕಣ್ಣಲ್ಲಿ ನಕ್ಕರು. ಅಷ್ಟರಲ್ಲಿ ನರ್ಸ್ ನನ್ನನ್ನು ಹೊರಗೆ ಕಳಿಸಿದಳು, ಅತ್ತೆ ಒಳಗೆ ಹೋದರು. ಬೆಳಗಾಗುವುದರಲ್ಲಿ ಮಾಮ ಇರಲಿಲ್ಲ.

ಎರಡು ವಾರದ ಮೇಲೆ ಅತ್ತೆ ಕರೆಸಿದರು. ಸೆರಗಿನಲ್ಲಿ ಹಿಡಿದ ನೋಟ್‌ಬುಕ್ಕನ್ನು ನನ್ನ ಮುಂದಿಟ್ಟರು. "ಇದನ್ನ ಏನ ಮಾಡಲೆವಾ? ರದ್ದಿಗೆ ಹಾಕಾಕ ಮನಸ ಬರವಲ್ದು."

ತಿರುವಿ ಹಾಕಿದೆ. ಊರಿನವರ ಮಾತೆಲ್ಲ ಅಲ್ಲಿತ್ತು, ಮಾಮನದು ಒಂದೂ ಇರಲಿಲ್ಲ. ಹನ್ನೊಂದು ವರ್ಷ ದಿನಾ ಸಂಜೆ ನನ್ನ ಕಿವಿಗೆ ಬಿದ್ದದ್ದನ್ನು ಬಿಟ್ಟು ಸೌಕಾರ್‌ಪೇಟೆಯಲ್ಲಿ ಸುಳ್ಳು ಅಂಗಡಿ ತೆರೆದಿದ್ದೆನಲ್ಲ, ಎಂಥ ಕಿವುಡಿ ನಾನು!

"ನಾನು ಬರೀಬಹುದಾ ಅತ್ತೆ? ಸಸ್ಪೆಂಡ್ ಆಗಿದ್ದೆ."

"ನಿನ್ನೆಗೇ ಮುಗದೈತಿ. ಎಣಿಸೀನಿ ನಾ. ಬರಿ."

ಬರೆದೆ. ಬಾ ಬಾ ಬಾ. ಅಂದವರು, ಬಸಲಿಂಗಪ್ಪ ಮಾಮ. ಯಾರಿಗೆ, ವನಜಾಗೆ. ಎಲ್ಲಿ, ಮೆಟ್ಟಿಲ ಬಳಿ. ಕೇಳಿದವಳು ಎಂದು ಸಹಿ ಹಾಕಿದೆ. ಅತ್ತೆ ಓದಿಸಿಕೊಂಡು ಕೇಳಿ, "ಆಸ್ಪತ್ರ್ಯಾಗ ಅಂದದ್ದೂ ಬರಿ" ಎಂದರು.

"ಅಲ್ಲಿ ಒಂದೇ ಸಲ ಅಂದಿದ್ದು ಅತ್ತೆ. ವಾಕ್ಯ ಅಲ್ಲ. ಅವರೇ ಒಪ್ಪಲ್ಲ."

"ನೀ ಹೊರಗ ಬಂದಿ. ನಾ ಒಳಗ ಹೋದೆ. ನನಗೂ ಒಮ್ಮೆ ಅಂದ್ರು."

ಮುಂದಿನ ಸಾಲಿನಲ್ಲಿ ನಾನು ಕೇಳಿದ ಒಂದು "ಬಾ" ಬರೆದೆ. ಎರಡನೆಯದನ್ನು ಬರೆಯಲು ಪೆನ್ನು ಎತ್ತಿದವಳು ನಿಲ್ಲಿಸಿದೆ. ಅದನ್ನು ನಾನು ಕೇಳಿರಲಿಲ್ಲ. ಪೆನ್ನನ್ನೂ ನೋಟ್‌ಬುಕ್ಕನ್ನೂ ಅವರ ಕಡೆ ಸರಿಸಿದೆ. ನೀಲಮ್ಮತ್ತೆ ಕನ್ನಡಕ ಹಾಕಿಕೊಂಡು, ನನ್ನ ಅಕ್ಷರದ ಪಕ್ಕದಲ್ಲಿ ನಿಧಾನವಾಗಿ "ಬಾ" ಎಂದು ಬರೆದು, ಕೆಳಗೆ ಸಹಿ ಹಾಕಿದರು.