ತಲೆ ತಿದ್ದುವ ಕೈ

ಕಿರ್, ಕಿರ್, ಕಿರ್. ಅಮೆರಿಕದ ಜರ್ಮನ್‌ಟೌನಿನ ಮಗಳ ಮನೆಯ ಕಿಚನ್ ಸಿಂಕಿನಲ್ಲಿ ಮೊಮ್ಮಗಳು ಹಳೆಯ ಟೂತ್‌ಬ್ರಶ್ಶಿನಿಂದ ತಲೆಬುರುಡೆ ಉಜ್ಜುತ್ತಿದ್ದ ಸದ್ದು. ಕೋವಿಡ್ಡಿನ ಮೊದಲ ವರ್ಷ. ಮಧ್ಯ ಅಮೆರಿಕದ ಪ್ರಾಚೀನ ಮಾಯಾ ಜನರ ಮೂಳೆಗಳ ಮೇಲೆ ರಿಸರ್ಚ್ ಮಾಡುತ್ತಿದ್ದವಳು, ಲ್ಯಾಬ್ ಮುಚ್ಚಿದ್ದರಿಂದ ಪ್ಲಾಸ್ಟಿಕ್ ನಕಲುಗಳನ್ನು ಮನೆಗೇ ತಂದಿದ್ದಳು. ಜೊತೆಗೆ ತುಂಬು ಬಸುರಿ.

“ಅದೇ ಸಿಂಕಲ್ಲಿ ಅಕ್ಕಿ ತೊಳೀತೀನಿ ಕಣೇ! ಡಿಸ್ಗಸ್ಟಿಂಗ್!”

“ಅಜ್ಜಿ, ಜಸ್ಟ್ ಪ್ಲಾಸ್ಟಿಕ್. ನಿನ್ನ ಡೆಂಚರ್ ತರಾನೇ.”

ನಾನು ತಲೆಗೆ ಸ್ನಾನ ಮಾಡಿ ಬಂದೆ. ಅವಳು ಬಿಡಲಿಲ್ಲ. ಹಲ್ಲು ಕೊರೆದು ಹಸಿರು ಕಲ್ಲು ಕೂರಿಸಿದ್ದನ್ನು ತೋರಿಸಿದಳು. ಇನ್ನೊಂದು ಹಲ್ಲಿಗೆ ಅಡ್ಡಗೆರೆ. ಎಳವೆಯಲ್ಲಿ ಹಸಿವೋ ಜ್ವರವೋ ಬಂದು ಹೋದ ಗುರುತಂತೆ. ಬುರುಡೆಯ ಹಣೆ ಹಿಂದಕ್ಕೆ ಚಪ್ಪಟೆಯಾಗಿತ್ತು.

“ಹುಟ್ಟಿದ ಬೇಬಿ ತಲೆಗೆ ಹಲಗೆ ಕಟ್ತಾ ಇದ್ರು.”

“ಛೀ! ಯಾವ ರಾಕ್ಷಸಿ ಹಾಗೆ ಮಾಡ್ತಾಳೆ?”

“ಅಮ್ಮ, ಅಜ್ಜಿ... ಚೆನ್ನಾಗಿ ಕಾಣ್ಲಿ ಅಂತ.”

 ಆ ಸಂಜೆ ನನಗೆ ಊಟ ಸೇರಲಿಲ್ಲ.

ಮೊಮ್ಮಗಳಿಗೆ ಹೆಣ್ಣುಮಗು ಹುಟ್ಟಿತು. ಮಗಳಿಗೂ ಮೊಮ್ಮಗಳಿಗೂ ನೀರು ಹಾಕಿದ ಕೈ ನನ್ನದು. ಈ ಕೂಸಿಗೂ ನಾನೇ ಹಾಕಬೇಕೆಂಬುದೊಂದೇ ಆಸೆ ನನಗಿತ್ತು. ಮೊದಲ ದಿನ ಎಣ್ಣೆ ಬೆಚ್ಚಗೆ ಮಾಡಿ, ಚಾಚಿದ ಕಾಲುಗಳ ಮೇಲೆ ಮಲಗಿಸಿಕೊಂಡು, ಮೂಗು ತೀಡಿ, ಎರಡೂ ಅಂಗೈಯಲ್ಲಿ ತಲೆಯನ್ನು ಒತ್ತಿ ಒತ್ತಿ ತಿದ್ದತೊಡಗಿದೆ.

“ಸ್ಟಾಪ್ ಇಟ್, ಅಜ್ಜಿ! ತಲೆ ಒತ್ತಬೇಡ!”

“ಗುಂಡಗೆ ಬರ್ಲಿ ಅಂತ ಕಣೇ. ನಿನಗೂ ಹೀಗೇ ಮಾಡಿದ್ದೆ.”

ಅವಳ ಕೈ ತನ್ನ ತಲೆಯ ಹಿಂಭಾಗಕ್ಕೆ ಹೋಯಿತು. ಪ್ಲಾಸ್ಟಿಕ್ ಬುರುಡೆಯನ್ನು ಕಂಡಾಗ ನನ್ನ ಮುಖ ಹೇಗಾಗಿತ್ತೋ ಈಗ ಅವಳ ಮುಖ ಹಾಗಿತ್ತು. ಎಣ್ಣೆ ಸೋರುತ್ತಿದ್ದ ಮಗುವನ್ನು ಎತ್ತಿಕೊಂಡು ಹೊರಟೇಹೋದಳು. ನಾನು ಸೋಪು ಹಾಕಿ ಹಾಕಿ ಕೈ ತೊಳೆದೆ. ಎಷ್ಟು ತೊಳೆದರೂ ಜಿಡ್ಡು ಜಿಡ್ಡು. ನನ್ನ ಕೈ ಕಂಡರೆ ನನಗೇ ಅಸಹ್ಯ.

ಮತ್ತೆಂದೂ ಆ ಮಗುವಿಗೆ ನೀರು ಹಾಕಲು ನನ್ನನ್ನು ಬಿಡಲಿಲ್ಲ. ಮಗಳೂ ಮೊಮ್ಮಗಳೂ ಪುಸ್ತಕ ನೋಡಿಕೊಂಡು ತಾವೇ ಸ್ಪಂಜಿನಿಂದ ಒರೆಸುತ್ತಿದ್ದರು. ಅಂಗಾತವೇ ಮಲಗಿಸುತ್ತಿದ್ದರು.

ಆರು ತಿಂಗಳಿಗೆ ಮೊಮ್ಮಗಳಿಗೆ ಅಟ್ಲಾಂಟಾದಲ್ಲಿ ಕೆಲಸ ಸಿಕ್ಕಿತು. ಹೊರಡುವ ಬೆಳಿಗ್ಗೆ ಕಾರಿನ ಬಳಿ ಹೋದೆ. ಮಗುವಿನ ತಲೆಗೆ ಗುಲಾಬಿ ಬಣ್ಣದ ಬಿಗಿ ಹೆಲ್ಮೆಟ್ಟು.

“ಏನೇ ಇದು?”

“ಮಲಗಿ ಮಲಗಿ ತಲೆ ಹಿಂದೆ ಫ್ಲ್ಯಾಟ್ ಆಗಿದೆ. ರೌಂಡ್ ಆಗೋಕೆ ಡಾಕ್ಟರ್ ನಿನ್ನೆ ಹಾಕಿದಾರೆ,” ಎಂದಳು, ನನ್ನ ಮುಖ ನೋಡದೆ.

 ಕಾರಿನ ಬಾಗಿಲು ಮುಚ್ಚಿತು. ಆಮೇಲೆ ಫೋನಿನಲ್ಲಿ ಕಂಡರೂ, ಆ ಇಬ್ಬರನ್ನೂ ನಾನು ಕಣ್ಣಾರೆ ನೋಡಿದ್ದು ಅದೇ ಕೊನೆ.