ಮೂರು ಖಾಲಿ ಮನೆ

ಕಡಜದ ಗೂಡಿಗೆ ಕಲ್ಲು ಹೊಡೆದವನು ಓಡಬಹುದು, ಆದರೆ ಎಷ್ಟು ದೂರ? ಲಿಫ್ಟ್ ತಯಾರಿಸುವ ಒಂದು ಕಾರ್ಖಾನೆಯಲ್ಲಿ, ಲಿಫ್ಟನ್ನು ನಡೆಸುವ ಪ್ರೋಗ್ರಾಂ ಬರೆಯುವವಳೊಬ್ಬಳಿದ್ದಳು. ಜೊತೆಯವರು ಅವಳನ್ನು ಕಡಜಕ್ಕ ಎನ್ನುತ್ತಿದ್ದರು. ಕೆಣಕಿದವರನ್ನು ಅವಳು ಮರೆತದ್ದೇ ಇಲ್ಲ. ಚಿಕ್ಕಂದಿನಲ್ಲಿ ಜಡೆ ಎಳೆದವಳ ಮದುವೆಗೆ ಹೋಗದೆ, ಉಡುಗೊರೆಯಾಗಿ ಹಲ್ಲು ಮುರಿದ ಬಾಚಣಿಗೆ ಕಳಿಸಿದ್ದಳಂತೆ.

ಅಂಥವಳನ್ನು ಕೆಣಕಿದ್ದು ಬೇರೆ ಯಾರೂ ಅಲ್ಲ, ಗಂಡನ ತಮ್ಮ. ಅದೇ ಕಾರ್ಖಾನೆ, ಪಕ್ಕದ ಮೇಜು, ಅವಳಷ್ಟೇ ಓದು. ಅವಳು ಹೆರಿಗೆ ರಜೆಯಲ್ಲಿದ್ದಾಗ ಅವಳ ಪ್ರೋಗ್ರಾಮನ್ನು ಕಾರ್ಖಾನೆಯ ಯಜಮಾನರ ಮುಂದಿಟ್ಟು, ನಾನೇ ಬರೆದೆ ಅಂದ. ಮುಖ್ಯಸ್ಥನಾದ. ಮರಳಿ ಬಂದವಳಿಗೆ ಸಿಕ್ಕಿದ್ದು ವೈರು ಪರೀಕ್ಷಿಸುವ ಮೂಲೆ.

"ಒಂದೇ ಮನೆಯವರಲ್ವಾ ಅತ್ತಿಗೆ, ನಿಮ್ಮದೇನು, ನಂದೇನು?" ಎಂದು ನಕ್ಕ.

"ಅಲ್ವಾ ಮತ್ತೆ," ಅಂದಳು. ಹಲ್ಲು ಕಡಿದ ಸದ್ದು ಅವನಿಗೆ ಕೇಳಲಿಲ್ಲ.

ಕದ್ದ ಮಾಲಿಗೆ ತನ್ನ ಕೈಚಳಕವನ್ನೂ ಸೇರಿಸುವ ಚಪಲ ಅವನಿಗೆ. ಯಂತ್ರದ ಮೆಮೊರಿ ಅಂದರೆ ಸಾಲಾಗಿ ನಂಬರು ಹಾಕಿದ ಪುಟ್ಟ ಮನೆಗಳು. ಲಿಫ್ಟಿನೊಳಗಿನ ತೂಕ ನಾಲ್ಕು ಮನೆ ಹಿಡಿಯುವ ಸಂಖ್ಯೆ. ನಾಲ್ಕರಿಂದ ಭಾಗವಾಗುವ ನಂಬರಿನ ಮನೆಯಿಂದಲೇ ಅದು ಶುರುವಾಗಬೇಕು. ಅದಕ್ಕೂ ಮೊದಲು ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂಬ ಗುರುತಿಗೆಂದು ಒಂದೇ ಒಂದು ಮನೆಯಿತ್ತು. ಹಾಗಾಗಿ ಕಡಜಕ್ಕ ನಡುವೆ ಮೂರು ಮನೆ ಖಾಲಿ ಬಿಟ್ಟಿದ್ದಳು. ಮೈದುನ ಅವನ್ನು ದಂಡವೆಂದು ಅಳಿಸಿದ. ಜಾಗ ಉಳಿಸಿದೆನೆಂದು ಬೆನ್ನು ತಟ್ಟಿಸಿಕೊಂಡ.

ಪ್ರೋಗ್ರಾಂ ಓಡಿಸುವ ಹಳೆಯ ಪ್ರೊಸೆಸರ್ ಅಜ್ಜಿಯಂಥದ್ದು. ಸಂಖ್ಯೆ ಅಡ್ಡಾದಿಡ್ಡಿ ಕೂತಿದ್ದರೂ ಎರಡು ಸಲ ಕೈಚಾಚಿ, ತುಂಡು ಜೋಡಿಸಿ, ಗೊಣಗದೆ ಕೊಡುತ್ತಿತ್ತು. ಆಮೇಲೆ ಹೊಸ ಪ್ರೊಸೆಸರ್ ಬಂತು. ಅದರದು ಕಡ್ಡಿ ತುಂಡು ಮಾಡಿದಂಥ ಸ್ವಭಾವ: ಸಂಖ್ಯೆ ತಪ್ಪು ಮನೆಯಿಂದ ಶುರುವಾಯಿತೋ, ಓದುವುದಿಲ್ಲ, ಅಲ್ಲೇ ಕೆಲಸ ಬಂದ್. ಮೇಜಿನ ಮೇಲಿನ ಪರೀಕ್ಷೆಯಲ್ಲಿ ಲಿಫ್ಟೂ ಇಲ್ಲ, ಜನರೂ ಇಲ್ಲ, ತೂಕ ಓದುವ ಪ್ರಸಂಗವೇ ಬರಲಿಲ್ಲ. ಕಡಜಕ್ಕನಿಗೆ ಎಲ್ಲ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಪ್ರೊಸೆಸರ್ ಕೈಕೊಟ್ಟರೆ ಬ್ರೇಕು ತಾನಾಗಿ ಕಚ್ಚುತ್ತದೆಯೇ ಎಂಬುದನ್ನು ಮಾತ್ರ ಪರೀಕ್ಷಿಸಿಟ್ಟುಕೊಂಡಳು. ಅವನು ಸಾಯುವುದು ಅವಳಿಗೆ ಬೇಕಿರಲಿಲ್ಲ. ಅವನ ಬಾಯಿಂದಲೇ ನಿಜ ಬರಬೇಕಿತ್ತು.

ಹೊಸ ಪ್ರೊಸೆಸರ್ ಹಾಕಿದ ಲಿಫ್ಟಿನ ಪ್ರದರ್ಶನದ ದಿನ ವೈರು ನೋಡಿಕೊಳ್ಳಲೆಂದು ಅವಳನ್ನು ಮೋಟಾರು ಕೋಣೆಯಲ್ಲಿ ಕೂರಿಸಿದ್ದರು. ಮೈದುನ ಯಜಮಾನರೊಂದಿಗೆ ಲಿಫ್ಟ್ ಹತ್ತಿದ. ಮೇಲಿನ ಮಹಡಿ ಹತ್ತಿರವಾದಾಗ, ವೇಗ ತಗ್ಗಿಸಲು ಲಿಫ್ಟ್ ತೂಕ ಓದಹೊರಟಿತು. ಗಕ್ಕನೆ ನಿಂತಿತು, ಎರಡು ಮಹಡಿಗಳ ನಡುವೆ.

ಕೋಣೆಯ ಫೋನು ಹೊಡೆದುಕೊಂಡಿತು. "ಅತ್ತಿಗೆ! ನಿಂತೋಯ್ತು!"

"ಹೌದಾ? ನಿನ್ನ ಪ್ರೋಗ್ರಾಮು ಕಣಪ್ಪಾ. ಏನಾಯ್ತಂತೆ, ಕೇಳಿ ನೋಡು."

"ತಮಾಷೆ ಮಾಡ್ಬೇಡಿ. ಯಜಮಾನ್ರು ಬೆವರ್ತಿದಾರೆ."

"ಅವರಿಗೂ ಕೇಳ್ಲಿ. ತೂಕಕ್ಕೆ ಮುಂಚೆ ಮೂರು ಮನೆ ಖಾಲಿ ಇತ್ತಲ್ಲ, ಯಾಕೆ?"

"ಅದು... ಸುಮ್ನೆ ಇತ್ತು."

"ಸುಮ್ನೆ ಬಿಟ್ಟೋರು ಯಾರು?"

ಹಿಂದಿನಿಂದ ಯಜಮಾನರ ದನಿ: "ಏನಯ್ಯಾ, ನೀನು ಬರ್ದಿದ್ದು ನಿನಗೇ ಗೊತ್ತಿಲ್ವಾ?"

"ನಿಧಾನಕ್ಕೆ ಹೇಳಪ್ಪಾ. ನಂಗೇನೂ ಅವಸರ ಇಲ್ಲ, ಟೀ ಇನ್ನೂ ಬಿಸಿ ಇದೆ." ಸೊರ್ ಎಂದು ಹೀರಿದ್ದನ್ನೂ ಫೋನಿನಲ್ಲೇ ಕೇಳಿಸಿದಳು.

"ಅತ್ತಿಗೆ ಬರ್ದಿದ್ದು ಸಾರ್," ಎಂದು ಅವನ ದನಿ ಕುಸಿಯಿತು. "ಅಳಿಸಿದ್ದು ಮಾತ್ರ ನಂದು."

ಅವಳು ಲೋಟ ಕೆಳಗಿಟ್ಟು, ಬ್ರೇಕು ಸಡಿಲಿಸಿ, ಮೋಟಾರಿನ ಕೈಚಕ್ರ ತಿರುಗಿಸಿ ಲಿಫ್ಟನ್ನು ಇಳಿಸಿದಳು. ಬೇಗ ಇಳಿಸಬಹುದಿತ್ತು. ಇಳಿಸಲಿಲ್ಲ.

ಮೇಜು ಅವಳಿಗೆ ಮರಳಿತು, ಮೈದುನನಿಗೆ ವೈರಿನ ಮೂಲೆ. ಯಜಮಾನರು ಇವತ್ತಿಗೂ ಅವಳನ್ನು ಕಂಡರೆ ಮೆಟ್ಟಿಲು ಹಿಡಿಯುತ್ತಾರೆ. "ಇನ್ನಾದ್ರೂ ಮರ್ತುಬಿಡಮ್ಮಾ, ಅವನೂ ಮನೆ ಮಗನೇ," ಎನ್ನುತ್ತಾರೆ ಅತ್ತೆ.

ಮರೆಯುವುದೇ? ಆ ಮೂರು ಮನೆಗಳನ್ನು ಅವಳು ಮತ್ತೆ ಖಾಲಿ ಬಿಟ್ಟಳು. ಪ್ರೋಗ್ರಾಮಿನಲ್ಲಿ ಖಾಲಿ ಜಾಗಕ್ಕೂ ಒಂದು ಹೆಸರು ಕೊಡಬೇಕು. ಅವಳು ಕೊಟ್ಟ ಹೆಸರು "ಮೈದುನ". ಹೊಸದಾಗಿ ಸೇರಿದವರು ಅದನ್ನು ಓದಿ, ಇದ್ಯಾರಕ್ಕಾ ಎಂದು ಕೇಳುತ್ತಾರೆ. ಕಡಜಕ್ಕ ತಲೆಯೆತ್ತದೆ ವೈರಿನ ಮೂಲೆಯತ್ತ ಪೆನ್ನು ತೋರಿಸುತ್ತಾಳೆ.